ದೊಡ್ಡವ್ವನ ಬೋರಿನ ನೀರು

ನನ್ನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಗಾಜಿನ ಬಿಲ್ಲೆಯೊಂದಿತ್ತು. ಒಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಅದರ ತುದಿಗೆ ಒಂದು ಕಪ್ಪು ಚುಕ್ಕಿ. ಆ ಚುಕ್ಕಿಯೇ ನನ್ನ ನಾಲ್ಕು ವರ್ಷದ ಸಂಶೋಧನೆ: ಕಾರ್ಬನ್ ನ್ಯಾನೊಟ್ಯೂಬುಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳನ್ನು, ಅಂಟಿನಲ್ಲಿ ಕಲಸಿ ಮಾಡಿದ ಎಲೆಕ್ಟ್ರೋಡ್. ಕಾಲುವೆಗೆ ಒಂದು ಹನಿ ನೀರು ಬಿಟ್ಟರೆ ಸಾಕು, ಕೀಟನಾಶಕದ ಸುಳಿವಿದ್ದರೆ ಲ್ಯಾಪ್‌ಟಾಪಿನಲ್ಲಿ ಗೆರೆ ಮೇಲೇಳುತ್ತದೆ. ಯಾರು ಕೇಳಲಿ ಬಿಡಲಿ, ಇದನ್ನು ಹೇಳಿಕೊಂಡು ತಿರುಗುತ್ತಿದ್ದೆ.

ರಜೆಗೆ ಹೊಸಹಳ್ಳಿಗೆ ಹೋದಾಗ ಅದನ್ನೂ ಒಯ್ದೆ. ಅವ್ವನ ಅಕ್ಕ, ನಮ್ಮ ದೊಡ್ಡವ್ವನ ಬೋರು ಇಡೀ ಓಣಿಗೆ ಸಿಹಿನೀರು ಕೊಡುತ್ತಿತ್ತು. ಬೆಳಗಾದರೆ ಅಂಗಳದಲ್ಲಿ ಕೊಡಗಳ ಸಾಲು. ಯಾರಿಗೂ ಇಲ್ಲವೆನ್ನದಿರುವುದೇ ಆಕೆಯ ದೊಡ್ಡಸ್ತಿಕೆ.

"ನಿನ್ನ ನೀರು ಪರೀಕ್ಷಿ ಮಾಡ್ತೀನಿ" ಎಂದೆ.

"ಮಾಡವ್ವ, ನಮ್ಮ ನೀರಿಗೇನಾಗೈತಿ" ಎಂದು ಒಳಗೆ ಹೋಗಿ, ಸಣ್ಣ ಬಾಯಿಯ ಸ್ಟೀಲ್ ಚೊಂಬಿನಲ್ಲಿ ತುಂಬಿ ತಂದಳು.

ಗೆರೆ ಎದ್ದಿತು, ಅದೂ ಜೋರಾಗಿ. ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಖುಷಿ. ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ, "ಈ ನೀರು ಕುಡೀಬ್ಯಾಡ್ರಿ, ಹೊಲಕ್ಕ ಹೊಡಿಯೋ ಎಣ್ಣಿ ಇಳದಂಗೈತಿ" ಎಂದುಬಿಟ್ಟೆ.

ಮರುದಿನ ಒಂದು ಕೊಡವೂ ಬರಲಿಲ್ಲ. ದೊಡ್ಡವ್ವ ಮೋಟರು ಹಾಕಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಆರಿಸಿ ಒಳಗೆ ಹೋದಳು. ನಾನು ಇನ್ನೊಮ್ಮೆ ನೋಡೋಣವೆಂದು ಚೊಂಬಿನಲ್ಲಿ ಉಳಿದದ್ದನ್ನು ಬಗ್ಗಿಸಿದರೆ, ತಳದಲ್ಲಿ ಹಳದಿ ಗಸಿ.

"ಇದೇನು ದೊಡ್ಡವ್ವ?"

"ಮೈಲಾರಪ್ಪನ ಭಂಡಾರ. ಮನಿ ನೀರು ಪರೀಕ್ಷಿಗೆ ಹೊಂಟೈತಿ, ದೇವರನ್ನ ನೆನೀದ ಹ್ಯಾಂಗ ಕೊಡ್ಲಿ? ಒಂದು ಚಿಟಿಕಿ ಹಾಕೀನಿ."

ಭಂಡಾರವೆಂದರೆ ಅರಿಶಿನ. ಅರಿಶಿನ ಸೋಕಿದರೂ ನನ್ನ ಎಲೆಕ್ಟ್ರೋಡಿನ ಗೆರೆ ಏಳುತ್ತದೆಂದು ನನಗೆ ಗೊತ್ತೇ ಇತ್ತು. ಅದು ಚೊಂಬಿನಲ್ಲಿರಬಹುದೆಂದು ಮಾತ್ರ ಹೊಳೆಯಲಿಲ್ಲ. ಬೋರಿನಿಂದ ನೇರವಾಗಿ ಹಿಡಿದ ನೀರಿಗೆ ಗೆರೆ ಅಲುಗಾಡಲೇ ಇಲ್ಲ.

ಮನೆಮನೆಗೆ ಹೋಗಿ ತಪ್ಪು ನನ್ನದೆಂದೆ. ಕೊಡದಲ್ಲಿ ಒಯ್ದ ಬೋರಿನ ನೀರನ್ನು ಪ್ರತಿ ಹೊಸ್ತಿಲಲ್ಲೂ ಒಂದು ಲೋಟ ಕುಡಿದು ತೋರಿಸಿದೆ. ನಾಲ್ಕನೆಯ ಮನೆಯ ಹೊತ್ತಿಗೆ ಹೊಟ್ಟೆ ಉಬ್ಬಿತ್ತು, ಜನ ನಗುತ್ತಿದ್ದರು. ಸಂಜೆಗೆ ಮೂರು ಕೊಡ ಬಂದವು. ಎಳೆಕೂಸಿದ್ದ ಎದುರುಮನೆಯಿಂದ ಮಾತ್ರ ಯಾರೂ ಬರಲಿಲ್ಲ.

ದೊಡ್ಡವ್ವ ಆ ಬಾಗಿಲನ್ನೇ ನೋಡುತ್ತ ಹೇಳಿದಳು: "ನಿನ್ನ ಮಷಿನ್ನು ಸುಳ್ಳು ಹೇಳಿಲ್ಲ ಬಿಡು. ನಾ ಹಾಕಿದ್ದನ್ನ ಹೇಳೈತಿ. ಓಣಿಗೆಲ್ಲ ಹೇಳೋಕಿಂತ ಮುಂಚೆ ನೀ ನನ್ನ ಒಂದು ಮಾತು ಕೇಳಿದ್ರ ಆಗ್ತಿತ್ತು."