ಹಿಂದಕ್ಕೆ ಏರುವ ಕಾರು

ಆದೋನಿಯ ಹತ್ತಿ ಸಾಹುಕಾರರ ಹಳೆಯ ಕಾರು ಡ್ರೈವರ್ ಜಂಬಪ್ಪನೊಬ್ಬನ ಮಾತನ್ನೇ ಕೇಳುತ್ತಿತ್ತು. ಅದು ಕಾರೋ, ಹಟಮಾರಿ ಎಮ್ಮೆಯೋ ಎಂದು ಸಾಹುಕಾರರೇ ಬೈಯುತ್ತಿದ್ದರು. ಇಂಜಿನ್ನು ಚಾಲೂ ಮಾಡುವ ಹ್ಯಾಂಡಲ್ಲಿಗೆ ಹೆಬ್ಬೆರಳು ಸುತ್ತಿ ತಿರುವಿದರೆ, ಅದು ಹಿಂದಕ್ಕೆ ಒದ್ದು ಕೈ ಮುರಿದಂತೆಯೇ ಲೆಕ್ಕ. ಅದಕ್ಕಿಂತ ದೊಡ್ಡ ತಕರಾರು ಏರಿನದು. ಪೆಟ್ರೋಲ್ ಟ್ಯಾಂಕು ಇದ್ದದ್ದು ಮುಂದಿನ ಸೀಟಿನ ಕೆಳಗೆ. ಅಲ್ಲಿಂದ ಪೆಟ್ರೋಲು ತಾನಾಗಿ ಇಳಿದು ಇಂಜಿನ್ನಿಗೆ ಹೋಗಬೇಕು. ಕಡಿದಾದ ಏರಿನಲ್ಲಿ ಇಂಜಿನ್ನು ಮೇಲಾಗಿ, ಟ್ಯಾಂಕು ಕೆಳಗಾಗಿ, ಪೆಟ್ರೋಲು ಸಿಗದೆ ಕಾರು ಪ್ರಾಣ ಬಿಡುತ್ತಿತ್ತು. ಯುದ್ಧಕಾಲದ ರೇಷನ್ನಿನಲ್ಲಿ ಟ್ಯಾಂಕು ತುಂಬುವ ಮಾತೇ ಇಲ್ಲ. ಹಾಗಾಗಿ ಏರು ಕಂಡರೆ ಜಂಬಪ್ಪ ಕಾರನ್ನು ತಿರುಗಿಸಿ, ಕತ್ತು ಹೊರಳಿಸಿ, ರಿವರ್ಸಿನಲ್ಲೇ ಹತ್ತಿಸುತ್ತಿದ್ದ.

ಕುರಿ ಬಿಟ್ಟು ಕಾರು ಹಿಡಿದನೆಂದು ಬಂಧುಗಳು ಅವನನ್ನು ಆಡಿಕೊಂಡಿದ್ದರು. ಮಗಳು ರಾಮಲಕ್ಷ್ಮಿ ಗಂಡನ ಮನೆ ಬಾಗಿಲಲ್ಲಿ ಕಾರಿನಿಂದಲೇ ಇಳಿಯಬೇಕು, ಆಡಿಕೊಂಡವರೆಲ್ಲ ಅದನ್ನು ನೋಡಬೇಕು ಎಂಬುದು ಅವನ ಆಸೆ. ಆಸೆಯೇನೂ ತಪ್ಪಲ್ಲ ಬಿಡಿ. ಸಾಹುಕಾರರೂ ಒಂದು ದಿನದ ಮಟ್ಟಿಗೆ ಕಾರು ಕೊಟ್ಟರು.

ಗಂಡಿನ ಊರು ಆಸ್ಪರಿಯ ಆಚೆ, ದಿಬ್ಬದ ಮೇಲೆ. ಮದುವೆಯೂ ಅಲ್ಲೇ. ಮಗಳನ್ನೂ ಹೆಂಡತಿ ಹುಸೇನಮ್ಮನನ್ನೂ ಹಿಂದೆ ಕೂರಿಸಿಕೊಂಡು ಬಂದ ಜಂಬಪ್ಪ, ದಿಬ್ಬದ ಬುಡದಲ್ಲಿ ಕಾರು ತಿರುಗಿಸಿದ. ಎದುರುಗೊಳ್ಳಲು ಬಂದಿದ್ದ ಗಂಡಿನ ಸೋದರಮಾವ ಮಾರಣ್ಣ ಹೌಹಾರಿದ.

"ಏನ್ ಮಾಡಾಕತ್ತೀರಿ ಬೀಗ್ರ? ಮದುಮಗಳು ಹಿಂದಹಿಂದಕ ಬರಾದಾ? ಅಪಶಕುನ ಐತಿ. ನಮ್ಮಕ್ಕ ಆರತಿ ಹಿಡಕಂಡು ನಿಂತಾಳ. ಸೀದಾ ಮುಂದಕ್ಕ ಹತ್ತಸ್ರಿ."

"ಇದು ಮುಂದಕ್ಕ ಹತ್ತಲ್ರಿ."

"ಒಂದ್ಸಲ ಹತ್ತಸಿ ನೋಡು," ಹುಸೇನಮ್ಮ ಹಿಂದಿನಿಂದ ಗೋಗರೆದಳು. "ಮಂದಿ ಮುಂದ ಮರ್ಯಾದಿ ಹೋಗತೈತಿ."

ಜಂಬಪ್ಪ ದಿಬ್ಬವನ್ನು ನೋಡಿದ. ಹತ್ತಿದರೂ ಹತ್ತೀತು ಅನ್ನಿಸಿತು. ಹೋದ ವರ್ಷ ಹತ್ತಿಯ ದಲ್ಲಾಳಿಯೊಬ್ಬನನ್ನು ಕೂರಿಸಿಕೊಂಡು ಬೇರೊಂದು ಏರಿನೆದುರು ನಿಂತಾಗಲೂ ಹೀಗೇ ಅನ್ನಿಸಿತ್ತು. ಆಗ ಅರ್ಧ ಏರಿನಲ್ಲಿ ಇಂಜಿನ್ನು ನಿಂತಿತು, ಬ್ರೇಕು ಹಿಡಿಯಲಿಲ್ಲ, ಕಾರು ಹಿಂದಕ್ಕೆ ಜಾರಿ ಬೇವಿನ ಮರಕ್ಕೆ ಒರಗಿತು. ಮರವಿತ್ತು, ಬದುಕಿದರು. ಈ ದಿಬ್ಬದಲ್ಲಿ ಗಿಡವೂ ಇರಲಿಲ್ಲ.

ಅವನು ಇಂಜಿನ್ನು ಆರಿಸಿ, ಗಾಲಿಗೆ ಕಲ್ಲು ಕೊಟ್ಟ.

"ಇಳಿಯವ್ವ. ನಡಕಂತ ಹೋಗಾನು."

ಹುಸೇನಮ್ಮ ಗೊಣಗುತ್ತ ಮಾರಣ್ಣನ ಜೊತೆ ಮುಂದೆ ನಡೆದಳು. ಮೇಲೆ ನಿಂತ ಜನರೆಲ್ಲ ಇತ್ತಲೇ ನೋಡುತ್ತಿದ್ದರು. ಜಂಬಪ್ಪನಿಗೆ ಅವಮಾನದಿಂದ ಅಳುವೇ ಬಂತು. ತಲೆ ತಗ್ಗಿಸಿ ಮಗಳ ಪಕ್ಕದಲ್ಲಿ ನಡೆದ.

"ತಪ್ಪಾತವ್ವ. ಬಾಗಲತನ ಕಾರು ತರ್ತೀನಿ ಅಂದಿದ್ದೆ."

ರಾಮಲಕ್ಷ್ಮಿ ಅವನ ಕೈ ಹಿಡಿದಳು. "ಇರ್ಲಿ ಬಿಡಪ್ಪ. ಆದೋನಿಯಿಂದ ಇಲ್ಲಿತನ ಹಿಂದಿಂದ ನಿನ್ನ ತಲಿ ರುಮಾಲೊಂದ ಕಾಣ್ತಿತ್ತು. ಇವತ್ತ ನಿನ್ನ ಮಕ ನೋಡಬೇಕು ಅಂತ ಭಾಳ ಅನಿಸಿತ್ತು ನನಗ."

ಮೇಲಿನಿಂದ ಮಾರಣ್ಣ ಬೇಗ ಬರ್ರಿ ಎಂದು ಕೂಗಿದ. ಬಂದ್ವಿ ಎಂದು ಜೋರಾಗಿ ಉತ್ತರಿಸಿದ ಜಂಬಪ್ಪ, ಹೆಜ್ಜೆಯನ್ನು ಇನ್ನಷ್ಟು ನಿಧಾನ ಮಾಡಿದ.