ಹೇಳಿ ಕಳಿಸಿದ ಮಾತು

ಶಾಲಿನ ಗಂಟು ಬಿಚ್ಚಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಪಕ್ಕದ ಮನೆಯ ಶಿವಲೀಲಾ ಟೀಚರ್ ಇವತ್ತು ಬೆಳಿಗ್ಗೆ ಅದನ್ನು ತಂದಿಟ್ಟು, ಜೊತೆಗೆ ಗುಲಾಬಿ ಚಿತ್ರದ ಒಂದು ಕಾರ್ಡನ್ನೂ ಕೊಟ್ಟರು. ಗಜೇಂದ್ರಗಡದಲ್ಲಿ ಹಿಂದುಮುಂದು ಯಾರೂ ಇಲ್ಲದ ಒಬ್ಬ ಅಜ್ಜನಿಗೆ ಈ ಶಾಲು, ಕಾರ್ಡಿನಲ್ಲಿ ನಾನು ನಾಲ್ಕು ಮಾತು ಬರೆದುಕೊಡಬೇಕಂತೆ. ಅವರು ಕೊಟ್ಟ ಚೀಟಿಯಲ್ಲಿ ಹೆಸರಿಲ್ಲ, ವಯಸ್ಸು ಎಂಬತ್ತೊಂದು, ಅಷ್ಟೇ.

“ಯಾರಂತ ಗೊತ್ತಿಲ್ದ ಏನ್ ಬರೀಲ್ರಿ?” ಅಂದೆ.

“ನಿಮ್ಮಪ್ಪಗ ಬರದಂಗ ಬರೀರಿ,” ಅಂದು ಟೀಚರ್ ಹೋದರು.

ಅವರೇನೋ ಸಲೀಸಾಗಿ ಹೇಳಿದರು. ನಾನು ಅಪ್ಪನಿಗೆ ಬರೆಯುವುದಿರಲಿ, ಎದುರು ನಿಂತು ಮಾತಾಡಿದವನೂ ಅಲ್ಲ. ಜಗಳವೇನೂ ಇರಲಿಲ್ಲ, ತಪ್ಪು ತಿಳಿಯಬೇಡಿ. ನರೇಗಲ್ಲಿನ ನಮ್ಮ ಮನೆಯಲ್ಲಿ ಮಗ ಅಪ್ಪನ ಜೊತೆ ನೇರವಾಗಿ ಮಾತಾಡುವುದು ಮರ್ಯಾದೆಯಲ್ಲ. ಮಾತೆಲ್ಲ ಅವ್ವನ ಮೂಲಕ. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆವು. “ನಿನ್ನ ಮಗಗ ಹೇಳು, ನಾಳೆ ಹೊಲಕ್ಕ ಲಗೂ ಹೋಗ್ಬೇಕಂತ,” ಅನ್ನುತ್ತಿದ್ದ ಅಪ್ಪ. “ಹೋಗ್ತೇನಂತ ಹೇಳಬೇ,” ಅನ್ನುತ್ತಿದ್ದೆ ನಾನು. ಅವ್ವ ಶೇಂಗಾ ಸುಲಿಯುತ್ತಲೇ, “ಇಬ್ರಿಗೂ ದೇವ್ರು ಬಾಯಿ ಕೊಟ್ಟಾನ. ನಾ ಸತ್ರ ಏನ್ಮಾಡ್ತೀರಿ?” ಎಂದು ನಗುತ್ತಿದ್ದಳು.

ಅವ್ವ ಸತ್ತ ಮೇಲೆ ನಮಗೆ ಎಮ್ಮೆ ಸಿಕ್ಕಿತು. ನನ್ನ ಹೆಂಡತಿ ಮಾವನೆದುರು ತಲೆ ಎತ್ತದವಳು, ಆ ಕೆಲಸಕ್ಕೆ ಒದಗಲಿಲ್ಲ. ಅಪ್ಪ ಎಮ್ಮೆಯ ಮೈ ತಿಕ್ಕುತ್ತ, “ಸಂತಿಗೆ ಹೋಗೋರು ತಂಬಾಕ ತಂದ್ರ ಚಲೋ ಆಕ್ಕಿತ್ತು,” ಅನ್ನುತ್ತಿದ್ದ. ನಾನು ಹುಲ್ಲು ಹಾಕುತ್ತ ಎಮ್ಮೆಗೇ, “ತರ್ತಾರಂತ,” ಅನ್ನುತ್ತಿದ್ದೆ. ಎಮ್ಮೆ ಇಬ್ಬರ ಮಾತಿಗೂ ಮೆಲುಕು ಹಾಕುತ್ತಿತ್ತು. ನಗಬೇಡಿ, ಹೀಗೆಯೇ ಒಂಬತ್ತು ವರ್ಷ ಸಂಸಾರ ನಡೆಯಿತು.

ರೋಣದ ದವಾಖಾನೆಗೆ ಎಮ್ಮೆ ಎಲ್ಲಿಂದ ಬರಬೇಕು? ಅಪ್ಪನನ್ನು ಸೇರಿಸಿ ಎರಡು ದಿನ ಸುಮ್ಮನೆ ಮಂಚದ ಬಳಿ ಕೂತಿದ್ದೆ. ಮೂರನೆಯ ದಿನ ಮಧ್ಯಾಹ್ನ ಅಪ್ಪ ಕಣ್ಣು ತೆರೆದು, ನನ್ನ ಮುಖವನ್ನೇ ನೋಡಿ, “ನೀ ಉಂಡ್ಯೇನಪಾ?” ಅಂದ. ನನ್ನನ್ನೇ ಕೇಳಿದ. ನಲವತ್ತು ವರ್ಷದಲ್ಲಿ ಮೊದಲ ಸಲ. ನಾನೇನು ಮಾಡಿದೆ ಗೊತ್ತೇ? ಸಲೈನು ಸರಿಮಾಡುತ್ತಿದ್ದ ನರ್ಸಮ್ಮನ ಕಡೆ ತಿರುಗಿ, “ಉಂಡೇನಂತ ಹೇಳ್ರಿ,” ಅಂದೆ.

ಆಕೆ ನಕ್ಕು, “ಉಂಡಾರಂತ್ರಿ ಅಜ್ಜಾರ,” ಅಂದಳು. ಅಪ್ಪ ಗೋಡೆಯ ಕಡೆ ಹೊರಳಿದ. ಸಂಜೆಗೆ ಹೋಗಿಬಿಟ್ಟ. ಅವತ್ತು ನಾನು ಉಂಡಿರಲೂ ಇಲ್ಲ.

ಮಧ್ಯಾಹ್ನ ಕಾರ್ಡು ಹಿಡಿದು ಕೂತರೆ ಕೈ ತಾನೇ ಬರೆಯಿತು. ತಂಡಿ ಬಿದ್ದಿದೆ, ಶಾಲು ಹೊದ್ದುಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ನೆನಪು ಭಾಳ ಆಗುತ್ತದೆ ಎಂದೂ ಬರೆದುಬಿಟ್ಟಿದ್ದೆ. ನೋಡೇ ಇಲ್ಲದವರ ನೆನಪೆಂಥದು? ಕಂಡರಿಯದ ಮನುಷ್ಯನಿಗೆ ಇಷ್ಟು ಬರೆಯಬಲ್ಲವನು, ಅವತ್ತು “ಇಲ್ಲಪ್ಪಾ” ಎಂಬ ಒಂದು ಮಾತು ಆಡಲಾರದೆ ಹೋದೆನಲ್ಲ.

ಸಂಜೆ ಟೀಚರ್ ಬಂದರು. “ಕೊಡ್ರಿ, ನಾಳೆ ಅಜ್ಜಗ ನಾ ಮುಟ್ಟಸ್ತೇನಿ.”

“ಬ್ಯಾಡ್ರಿ,” ಅಂದೆ. “ನಾನ ಬರ್ತೇನಿ.”

“ನೀವ್ಯಾಕ್ರಿ? ಕಾರ್ಡಿನ್ಯಾಗ ಎಲ್ಲಾ ಬರದೀರಲ್ಲ.”

“ಬಾಯಿಲೆ ಹೇಳ್ತೇನ್ರಿ,” ಅಂದೆ.