ಸೊರಬದ ದಾರಿಗೆ ಯಾವ ಫಿಲ್ಟರ್

ಎಪ್ಪತ್ತರ ದಶಕದಲ್ಲಿ ನಾನು ಶಿಕಾರಿಪುರದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಅಪ್ಪ ವಕೀಲರು. ಚಿಕ್ಕಂದಿನಿಂದಲೂ ಅವರ ಬಲಗಾಲಿಗೆ ಶಕ್ತಿಯಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸೊರಬದ ಕೋರ್ಟಿಗೆ ಅವರು ಹೋಗುತ್ತಿದ್ದುದು ನಮ್ಮ ಹಳೆಯ ಕರಿ ಕಾರಿನಲ್ಲಿ. ಓಡಿಸುತ್ತಿದ್ದವನು ನಾನು.

ಆ ಕಾರಿನ ಎಂಜಿನ್ ಅದಾಗಲೇ ಧೂಳು ತಿಂದು ಸವೆದು, ಒಳಗೋಡೆ ಕೊರೆಸಿ ನುಣುಪು ಮಾಡುವ ಬೋರ್ ಕೆಲಸ ಮಾಡಿಸಿಕೊಂಡಿತ್ತು. ಶಿರಾಳಕೊಪ್ಪದ ಗ್ಯಾರೇಜಿನ ಮೇಸ್ತ್ರಿ ಅಂದೇ ಎಚ್ಚರಿಸಿದ್ದರು: "ಇದೇ ಕೊನೇದು ರೀ. ಇನ್ನೊಂದ್ಸಲ ಸವೆದ್ರೆ ಕೊರೆಯಾಕೆ ಕಬ್ಬಿಣ ಉಳಿದಿಲ್ಲ." ಎಂಜಿನ್ ಹೋದರೆ ಅಪ್ಪನ ಸೊರಬದ ಕೆಲಸವೂ ಹೋದಂತೆ.

ಆದರೂ ಆ ಬೇಸಿಗೆಯಲ್ಲಿ ಅಪ್ಪನಿಗೆ ಕಂಪನಿಯ ಏರ್ ಫಿಲ್ಟರ್ ಬೇಡವಾಯಿತು. ಅದು ತಳದಲ್ಲಿ ಎಣ್ಣೆ ಇರುವ ಭಾರದ ಡಬ್ಬಿ. ಗಾಳಿಯ ಧೂಳು ಎಣ್ಣೆಗೆ ಅಂಟಿ ಅಲ್ಲೇ ಉಳಿಯುತ್ತದೆ. ಕಾರು ಏರಿನಲ್ಲಿ ಏದುಸಿರು ಬಿಡುವುದು ಅದರಿಂದಲೇ ಎಂದು ಅವರ ವಾದ. ಮೇಸ್ತ್ರಿಯ ಬಾಮೈದ ತಗಡಿನ ಕೆಲಸದವರು. ತೆಂಗಿನ ನಾರು, ಕಂಬಳಿ ಚೂರು ತುಂಬಿ ಹಗುರವಾದ ಫಿಲ್ಟರ್ ಮಾಡಿ ಮಾರುತ್ತಿದ್ದರು. ಅದನ್ನು ಹಾಕಿಸಿದೆವು. ಕಾರು ನಿಜಕ್ಕೂ ಚುರುಕಾಯಿತು.

"ಇದೇ ಇರ್ಲಿ," ಎಂದರು ಅಪ್ಪ.

"ಇವತ್ತೊಂದಿನ ತಡೀರಿ ಸಾಹೇಬ್ರೆ. ಸೊರಬಕ್ಕೆ ನಾನೂ ಬರ್ತೀನಿ," ಎಂದರು ಮೇಸ್ತ್ರಿ.

ಫಿಲ್ಟರ್ ದಾಟಿ ಬಂದ ಧೂಳು ಅಂಟಿಕೊಳ್ಳಲೆಂದು, ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಒಳಗೆ ತೆಳ್ಳಗೆ ಗ್ರೀಸ್ ಬಳಿದರು. ಕಂಪನಿಯ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟರು. ದಾರಿಯುದ್ದಕ್ಕೂ ಹುಲ್ಲಿನ ಗಾಡಿಗಳು, ಮುಂದಿನದೇನೂ ಕಾಣದಷ್ಟು ಕೆಂಧೂಳು. ಸೊರಬದ ಕೋರ್ಟಿನ ಅಂಗಳದಲ್ಲಿ ಅವರು ಆ ಗ್ರೀಸನ್ನು ಬೆರಳಿನಿಂದ ಬಳಿದು ತೆಗೆದರು. ಅಪ್ಪ ಅದನ್ನು ಒಂದು ಕಾಗದಕ್ಕೆ ಹಚ್ಚಿಸಿ, ಕೋರ್ಟಿನಲ್ಲಿ ಸಾಕ್ಷ್ಯದ ವಸ್ತುಗಳಿಗೆ ಗುರುತು ಹಾಕುವಂತೆ "ನಿಶಾನೆ ಒಂದು" ಎಂದು ಬರೆದರು. ಸಂಜೆ ಹೊಸ ಗ್ರೀಸ್ ಬಳಿದು, ಕಂಪನಿಯ ಫಿಲ್ಟರ್ ಹಾಕಿ, ಅದೇ ಧೂಳಿನ ದಾರಿಯಲ್ಲಿ ಮರಳಿದೆವು. ಗ್ಯಾರೇಜಿನ ಮುಂದೆ ನಿಶಾನೆ ಎರಡು ಸಿದ್ಧವಾಯಿತು.

ಎರಡನೆಯದು ನುಣ್ಣಗಿತ್ತು. ಮೊದಲನೆಯದನ್ನು ಮೇಸ್ತ್ರಿ ಅಪ್ಪನ ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ತಿಕ್ಕಿದರು. ಕರಕರ ಎನ್ನುವುದು ನನಗೂ ಕೇಳಿಸಿತು.

"ಈ ಮರಳು ಸೀದಾ ಎಂಜಿನ್ನಿಗೆ ಹೋಗಿರ್ತಿತ್ತು ರೀ."

ಅಪ್ಪ ಪಾಟೀಸವಾಲಿಗೆ ಇಳಿದರು. "ಈ ನಾರಿನ ಡಬ್ಬಿ ಮಾಡಿದೋರು ನಿಮಗೇನಾಗ್ಬೇಕು?"

"ಬಾಮೈದ ರೀ."

"ಹಂಗಾದ್ರೆ ಸಂಬಂಧಿಕರ ಸಾಕ್ಷಿ. ನಂಬೋದು ಹೆಂಗೆ?"

"ಅವನ ಪರವಾಗಿ ಹೇಳಿದ್ರೆ ನಂಬಬ್ಯಾಡ್ರಿ. ವಿರುದ್ಧ ಹೇಳ್ತಿದೀನಲ್ಲ! ಇವತ್ತು ಮನೇಲಿ ನನಗೆ ಊಟ ಸಿಗೋದೂ ಅನುಮಾನ. ಆ ಚೀಟಿ ಕೊಡ್ರಿ, ನಮ್ಮನೆಯಾಕೆಗೆ ತೋರಿಸ್ಬೇಕು."

"ಅಸಲು ಕೊಡಕ್ಕಾಗಲ್ಲ. ನಕಲಿಗೆ ಅರ್ಜಿ ಹಾಕಿ," ಎಂದರು ಅಪ್ಪ. ಮೇಸ್ತ್ರಿ ಜೋರಾಗಿ ನಕ್ಕರು. ಅಪ್ಪ ನಗುತ್ತಲೇ ಎರಡೂ ಚೀಟಿ ಅವರ ಕೈಗಿತ್ತು, ಕೋಲೂರಿ ಎದ್ದು ನಿಂತು ಕೈಮುಗಿದರು. ಕಕ್ಷಿದಾರರೆದುರು ಕೂತೇ ಮಾತಾಡುತ್ತಿದ್ದ ಮನುಷ್ಯ ಅವರು.

ಕಂಪನಿಯ ಫಿಲ್ಟರ್ ಉಳಿಯಿತು. ಏರಿನಲ್ಲಿ ಕಾರು ಹಿಂದಿನಂತೆಯೇ ಏದುತ್ತಿತ್ತು. ಅಪ್ಪ ಮಾತ್ರ "ಅದರ ಪಾಡಿಗೆ ಬರ್ಲಿ ಬಿಡು" ಎನ್ನುತ್ತಿದ್ದರು. ಕಣ್ಣು ಮಂಜಾಗಿ ಅವರೇ ವಕೀಲಿ ಬಿಡುವವರೆಗೂ ಆ ಎಂಜಿನ್ ಕೈಕೊಡಲಿಲ್ಲ. ಅಷ್ಟು ವರ್ಷವೂ ಶಿರಾಳಕೊಪ್ಪದ ಆ ಗ್ಯಾರೇಜಿನ ಮುಂದೆ, ಕೆಲಸವಿರಲಿ ಇಲ್ಲದಿರಲಿ, ನಾನು ಕಾರು ನಿಲ್ಲಿಸಬೇಕಿತ್ತು. ಅಪ್ಪ ಕಿಟಕಿಯಿಂದಲೇ ಕೇಳುತ್ತಿದ್ದರು: "ಮೇಸ್ತ್ರೀ, ಊಟ ಆಯ್ತೇನ್ರೀ?"